ಕೊನೆಯ ಬೈಕಿನವನ ಲೆಕ್ಕ

ಐದಾರು ಬೈಕು ಒಟ್ಟಿಗೆ ಹೊರಟರೆ ದಾರಿಬದಿಯವರ ಕಣ್ಣು ಬೀಳುವುದು ಮುಂದಿನವನ ಮೇಲೆ. ಹೊಳೆಯುವ ಜಾಕೆಟ್ಟು, ಹ್ಯಾಂಡಲಿಗೆ ಸಿಕ್ಕಿಸಿದ ಮೊಬೈಲು, ದಾರಿ ಗೊತ್ತಿದ್ದವನ ಗತ್ತು ಎಲ್ಲ ಅವನದೇ. ಆದರೆ ರಾತ್ರಿ ಲಾಡ್ಜಿನ ಅಂಗಳದಲ್ಲಿ ಐದೂ ಗಾಡಿ ಸಾಲಾಗಿ ನಿಲ್ಲುತ್ತವೋ, ಅಥವಾ ಇಬ್ಬರು ತೀರ್ಥಹಳ್ಳಿಯಲ್ಲಿ, ಒಬ್ಬ ಹೊಸನಗರದಲ್ಲಿ, ಇನ್ನೊಬ್ಬ ಫೋನಿಗೂ ಸಿಗದ ಯಾವುದೋ ಕಾಡಿನಲ್ಲಿ ಉಳಿಯುತ್ತಾರೋ ಎನ್ನುವುದು ಕಟ್ಟಕಡೆಗೆ ಬರುವವನ ಕೈಯಲ್ಲಿ ಉಂಟು. ಬೈಕ್ ಪ್ರವಾಸದ ಗೆಳೆತನದ ಬಗ್ಗೆ ಫೋಟೊ ಹಾಕುವವರು ಬಹಳ. ಆ ಗೆಳೆತನ ಎಲ್ಲಿಂದ ಹುಟ್ಟುತ್ತದೆ ಎಂದು ಕೇಳಿದರೆ ಉತ್ತರ ಸ್ವಲ್ಪ ಗ್ರೀಸು ಹತ್ತಿದ್ದು, ಫೋಟೊಕ್ಕೆ ಅಷ್ಟು ಚಂದ ಬರುವಂಥದ್ದಲ್ಲ.

ಹೆಚ್ಚಿನ ಗುಂಪುಗಳು ಮಾಡುವ ಮೊದಲ ತಪ್ಪು ಹೊಸಬನನ್ನು ಕೊನೆಗೆ ಹಾಕುವುದು. "ನೀನು ನಿಧಾನಕ್ಕೆ ಬಾ, ಅವಸರ ಇಲ್ಲ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆಗುವುದು ಉಲ್ಟಾ. ತಿರುವಿನಲ್ಲಿ ಮುಂದಿನವನು ಬ್ರೇಕು ಹಿಡಿದು, ದಾಟಿದ ಮೇಲೆ ವೇಗ ಹೆಚ್ಚಿಸುತ್ತಾನೆ. ಎರಡನೆಯವನು ಅದನ್ನೇ ಸ್ವಲ್ಪ ತಡವಾಗಿ ಮಾಡುತ್ತಾನೆ, ಮೂರನೆಯವನು ಇನ್ನೂ ತಡವಾಗಿ. ಹೀಗೆ ಸಾಲು ರಬ್ಬರಿನಂತೆ ಎಳೆದುಕೊಳ್ಳುತ್ತದೆ. ಮುಂದಿನವನು 60ರಲ್ಲಿ ಆರಾಮವಾಗಿ ಹೋಗುತ್ತಿದ್ದರೆ ಕೊನೆಯವನು ಜೊತೆ ಹಿಡಿಯಲು 75, 80ಕ್ಕೆ ಏರಿಸಬೇಕಾಗುತ್ತದೆ. ಕೈ ಪಳಗದವನಿಗೆ ಅದೇ ಅಪಾಯ. ಆದ್ದರಿಂದ ಹೊಸಬ ಇರಬೇಕಾದ್ದು ಎರಡನೆಯ ಜಾಗದಲ್ಲಿ, ಮುಂದಿನವನ ಕನ್ನಡಿಯೊಳಗೆ. ಮುಂದಿನವನು ಆ ಕನ್ನಡಿ ನೋಡಿಯೇ ವೇಗ ಇಳಿಸಬೇಕು. ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡಿಸುವವನು, ಸ್ಪಾನರು ಹಿಡಿಯಲು ಬರುವವನು, ಪಂಪು ಪ್ಯಾಚು ಹೊತ್ತವನು ಕೊನೆಗೆ. ಅವನು ಯಾರನ್ನೂ ಹಿಂದೆ ಹಾಕುವಂತಿಲ್ಲ. ಇದೊಂದು ನಿಯಮ ಎಲ್ಲರ ತಲೆಯಲ್ಲಿದ್ದರೆ ಅರ್ಧ ಆತಂಕ ಕಡಿಮೆ. ನಿಂತರೆ ಹಿಂದಿನಿಂದ ಒಬ್ಬ ಬಂದೇ ಬರುತ್ತಾನೆ ಎಂದು ಗೊತ್ತಿರುತ್ತದಲ್ಲ. ಅವನು ಎಂದು ಬರೆದದ್ದು ರೂಢಿಗೆ. ಆ ಕೊನೆಯ ಗಾಡಿ ಅವಳದ್ದೂ ಇರಬಹುದು, ಈಗ ನಮ್ಮ ಕಡೆ ಇರುತ್ತದೆ ಕೂಡ.

ತಿರುವು ತಪ್ಪುವುದಕ್ಕೆ ಒಂದು ಹಳೆಯ ಮದ್ದು ಉಂಟು. ಮುಖ್ಯ ರಸ್ತೆ ಬಿಟ್ಟು ತಿರುಗುವ ಪ್ರತಿ ಜಾಗದಲ್ಲಿ ಎರಡನೆಯವನು ಬದಿಗೆ ನಿಲ್ಲಬೇಕು. ಕೊನೆಯ ಬೈಕು ಕಾಣುವವರೆಗೆ ಎಲ್ಲರಿಗೂ ಕೈ ತೋರಿಸಿ, ಆಮೇಲೆ ಕೊನೆಯವನ ಮುಂದೆ ಸೇರಿಕೊಳ್ಳಬೇಕು. ಮುಂದಿನ ತಿರುವಿಗೆ ಈಗ ಎರಡನೆಯದಾಗಿ ಇರುವವನ ಪಾಳಿ. ಹೀಗೆ ಸರದಿ ಸುತ್ತುತ್ತ ಹೋಗುತ್ತದೆ. ಎರಡನೆಯ ಜಾಗದಲ್ಲಿ ಹೊಸಬ ಇದ್ದರೆ ಅವನನ್ನು ನಿಲ್ಲಿಸದೆ ಪ್ರತಿ ಸಲ ಮೂರನೆಯವನೇ ನಿಂತರೆ ಸಾಕು. ಬ್ಲೂಟೂತ್ ಇಂಟರ್‌ಕಾಮ್ ಇದ್ದವರಿಗೆ ಇದೆಲ್ಲ ಹಳೆ ಕಾಲದ್ದು ಅನಿಸಬಹುದು. ಆದರೆ ನಾಲ್ಕು ತಿರುವು ದಾಟಿ ನಡುವೆ ಗುಡ್ಡ ಬಂದ ಕೂಡಲೇ ಇಂಟರ್‌ಕಾಮ್ ಮೌನ, ಘಾಟಿಯಲ್ಲಿ ಮೊಬೈಲೂ ಮೌನ. ಬದಿಯಲ್ಲಿ ನಿಂತು ಕೈ ತೋರಿಸುವವನ ಬ್ಯಾಟರಿ ಮಾತ್ರ ಮುಗಿಯುವುದಿಲ್ಲ.

ನೇರ ರಸ್ತೆಯಲ್ಲಿ ಒಬ್ಬ ಬಲಕ್ಕೆ, ಹಿಂದಿನವನು ಎಡಕ್ಕೆ, ಹೀಗೆ ಓರೆಯಾಗಿ ಹೋಗುವುದು ಸರಿ. ಹಿಂದಿನವನಿಗೆ ಹೊಂಡ ಕಾಣುತ್ತದೆ, ಬ್ರೇಕಿಗೆ ಜಾಗ ಸಿಗುತ್ತದೆ. ನಿಮ್ಮದೇ ಸಾಲಿನಲ್ಲಿ ಮುಂದೆ ಇರುವ ಗಾಡಿಗೆ ಕನಿಷ್ಠ ಎರಡು ಸೆಕೆಂಡಿನ ಅಂತರ ಬೇಕು, 60 ಕಿ.ಮೀ. ವೇಗದಲ್ಲಿ ಅದು ಸುಮಾರು 33 ಮೀಟರ್. ಮಳೆಯಲ್ಲಿ ಅದನ್ನು ಎರಡು ಪಟ್ಟು ಮಾಡಿ. ತಿರುವು ಬಂದರೆ ಓರೆ ಬಿಟ್ಟು ಒಂದೇ ಸಾಲು. ಒಬ್ಬರ ಪಕ್ಕ ಒಬ್ಬರು ಮಾತಾಡುತ್ತ ಹೋಗುವ ಅಭ್ಯಾಸ ಮಾತ್ರ ಯಾವ ರಸ್ತೆಯಲ್ಲೂ ಬೇಡ. ಮಾತಿಗೆ ಗೋಳಿಬಜೆಯ ತಟ್ಟೆ ಉಂಟು.

ಪೆಟ್ರೋಲಿನ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಗುಂಪಿನಲ್ಲಿ ಒಂದು 650 ಸಿಸಿ ಇಂಟರ್‌ಸೆಪ್ಟರ್, ಒಂದು ಕ್ಲಾಸಿಕ್ 350, ಒಂದು ಸ್ಪ್ಲೆಂಡರ್ ಇದ್ದರೆ ಮೊದಲು ಬಂಕು ಹುಡುಕುವವನು ದೊಡ್ಡ ಗಾಡಿಯವನೇ. ಇಂಟರ್‌ಸೆಪ್ಟರಿನ ಟ್ಯಾಂಕು 13.7 ಲೀಟರ್, ಲೀಟರಿಗೆ 25 ಎಂದರೂ 340 ಕಿ.ಮೀ. ಕ್ಲಾಸಿಕ್ 13 ಲೀಟರಿಗೆ 35ರಂತೆ 455. ಎಲ್ಲರೂ ನಗುವ ಸ್ಪ್ಲೆಂಡರಿನ ಟ್ಯಾಂಕು 9.8 ಲೀಟರ್ ಮಾತ್ರ, ಆದರೆ 60 ಕೊಟ್ಟರೂ 588 ಕಿ.ಮೀ. ಸಿಕ್ಕಿದ ಬಂಕಿನಲ್ಲೆಲ್ಲ ಅವನು ಸುಮ್ಮನೆ ನಿಂತು ಉಳಿದವರನ್ನು ನೋಡುತ್ತಿರುತ್ತಾನೆ. ಕ್ರಮ ಏನೆಂದರೆ, ಒಬ್ಬ ಹಾಕಿಸಿದರೆ ಎಲ್ಲರೂ ಹಾಕಿಸಬೇಕು, ಸ್ಪ್ಲೆಂಡರಿನವನೂ. ಇಲ್ಲದಿದ್ದರೆ ಪ್ರತಿ ಐವತ್ತು ಕಿಲೋಮೀಟರಿಗೆ ಒಬ್ಬೊಬ್ಬನದು ಒಂದೊಂದು ನಿಲ್ದಾಣ. ಐದು ಜನ ನಿಂತರೆ ಹತ್ತು ನಿಮಿಷದ ಕೆಲಸ ಇಪ್ಪತ್ತೈದು ನಿಮಿಷ ತಿನ್ನುತ್ತದೆ: ಒಬ್ಬ ಗ್ಲೌಸು ತೆಗೆಯುತ್ತಾನೆ, ಇನ್ನೊಬ್ಬ ಹಾಕುತ್ತಾನೆ, ಮೂರನೆಯವನಿಗೆ ಆಗಲೇ ಚಾ ನೆನಪಾಗುತ್ತದೆ.

ಲಡಾಖ್, ಕನ್ಯಾಕುಮಾರಿ ಎಂದು ದೊಡ್ಡ ಕನಸು ಇಟ್ಟುಕೊಂಡವರು ಮೊದಲು ಎರಡು ದಿನದ ಒಂದು ಸುತ್ತು ಹಾಕಿ ನೋಡಬೇಕು. ಉಡುಪಿಯಿಂದ ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ, ಹೊಸನಗರ, ಸಾಗರ, ಜೋಗ. ಮಾರನೆ ದಿನ ಮಾವಿನಗುಂಡಿ ದಾಟಿ ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ಹೆದ್ದಾರಿ 66 ಹಿಡಿದು ಭಟ್ಕಳ, ಬೈಂದೂರು, ಮರವಂತೆ, ಕುಂದಾಪುರ, ವಾಪಸ್ ಉಡುಪಿ. ಮಂಗಳೂರಿನವರು ಒಂದೂವರೆ ಗಂಟೆ ಮೊದಲು ಹೊರಟು ಉಡುಪಿಯಲ್ಲಿ ಸೇರಿಕೊಳ್ಳಬಹುದು. ಒಟ್ಟು 400 ಕಿ.ಮೀ. ಆಸುಪಾಸು. ಅಂತರ ದೊಡ್ಡದಲ್ಲ, ಆದರೆ ಇದರೊಳಗೆ ಒಂದು ಘಾಟಿ ಏರಿಕೆ, ಒಂದು ಘಾಟಿ ಇಳಿಕೆ, ಕಾಡು, ಮಲೆನಾಡಿನ ಸಣ್ಣ ರಸ್ತೆ, ನಾಲ್ಕು ಪಥದ ಹೆದ್ದಾರಿ, ಉಪ್ಪುಗಾಳಿ ಎಲ್ಲ ಬಂತು. ಮನುಷ್ಯರ ಪರೀಕ್ಷೆಯೂ ಇದರಲ್ಲೇ ಆಗುತ್ತದೆ. ಎರಡು ದಿನದಲ್ಲಿ ಕಿರಿಕಿರಿ ಮಾಡುವವನು ಹದಿನೈದು ದಿನದಲ್ಲಿ ಸುಧಾರಿಸುವುದಿಲ್ಲ. ಘಾಟಿಯೂ ಮಲೆನಾಡೂ ಸೇರಿದರೆ ನಿಲ್ಲುವುದೂ ಲೆಕ್ಕಕ್ಕೆ ತೆಗೆದುಕೊಂಡು ಗಂಟೆಗೆ 35 ಕಿ.ಮೀ. ಹಿಡಿಯಿರಿ, ಮ್ಯಾಪು ಹೇಳುವ ಸಮಯವನ್ನು ನಂಬಬೇಡಿ.

ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೆ ಜುಲೈಯಲ್ಲಿ ಹೋಗುವವರೂ ಇದ್ದಾರೆ, ಅವರ ಧೈರ್ಯ ಅವರಿಗೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಹಲವು ಕಡೆ ಕುಸಿದು ವಾರಗಟ್ಟಲೆ ಮುಚ್ಚಿತ್ತು. ಮಳೆಯಲ್ಲಿ ಯಾವ ಘಾಟಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಹಿಂದಿನ ದಿನ ವಿಚಾರಿಸದೆ ಹೊರಡುವುದು ಸಾಹಸ ಅಲ್ಲ, ಬರೀ ಸೋಮಾರಿತನ.

ಹೊರಡುವ ಮೊದಲು ಗಾಡಿಯನ್ನು ಸರ್ವೀಸಿಗೆ ಕೊಟ್ಟೆವು, ಮುಗಿಯಿತು ಎಂದುಕೊಳ್ಳಬಾರದು. ಸರ್ವೀಸ್ ಹೊರಡುವ ಹಿಂದಿನ ದಿನ ಬೇಡವೇ ಬೇಡ. ವಾರ ಮೊದಲು ಮಾಡಿಸಿ, ಆಮೇಲೆ ನೂರು ಕಿಲೋಮೀಟರ್ ಓಡಿಸಿ. ಸರಿಯಾಗಿ ಬಿಗಿಯದ ಒಂದು ನಟ್ಟು ಮನೆಯ ಹತ್ತಿರವೇ ಸಡಿಲವಾದರೆ ನಮ್ಮ ಪುಣ್ಯ. ನೀವೇ ನೋಡಬೇಕಾದ್ದು ಚೈನು. ಮುಂದಿನ, ಹಿಂದಿನ ಹಲ್ಲುಚಕ್ರಗಳ ನಡುವೆ ಕೆಳಗಿನ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಹೆಚ್ಚಿನ ಗಾಡಿಗಳಲ್ಲಿ 25ರಿಂದ 35 ಮಿ.ಮೀ. ಆಟ ಇರಬೇಕು, ನಿಮ್ಮ ಗಾಡಿಯ ಸರಿಯಾದ ಅಳತೆ ಪುಸ್ತಕದಲ್ಲೋ ಹಿಂದಿನ ಚಕ್ರ ಹಿಡಿದ ತೋಳು, ಅಂದರೆ ಸ್ವಿಂಗ್‌ಆರ್ಮಿನ ಸ್ಟಿಕ್ಕರಿನಲ್ಲೋ ಇರುತ್ತದೆ. ಚಕ್ರ ತಿರುಗಿಸುತ್ತ ನಾಲ್ಕು ಜಾಗದಲ್ಲಿ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಎಂದಾದರೆ ಚೈನಿನ ಆಯಸ್ಸು ಮುಗಿಯುತ್ತ ಬಂದಿದೆ ಎಂದರ್ಥ, ಎಷ್ಟು ಎಣ್ಣೆ ಬಿಟ್ಟರೂ ಅದು ಸರಿಹೋಗದು. ಬಿಗಿ ಮಾಡುವಾಗ ಹಿಂದಿನ ಚಕ್ರದ ಅಚ್ಚಿನ ಎಡಬಲದ ಗೆರೆಗಳು ಒಂದೇ ಅಂಕಿಗೆ ಬರಬೇಕು. ಅತಿ ಬಿಗಿಯೂ ಕೆಟ್ಟದ್ದೇ. ಹಿಂದೆ ಕೂತವರ ಭಾರಕ್ಕೆ ಚಕ್ರ ಮೇಲೆ ಸರಿದಾಗ ಚೈನು ಗಿಟಾರಿನ ತಂತಿಯಂತಾಗಿ ಬೇರಿಂಗ್ ತಿನ್ನುತ್ತದೆ.

ಎರಡನೆಯದು ಕ್ಲಚ್ ಕೇಬಲ್. ಅದು ತುಂಡಾಗುವುದು ಸಾಮಾನ್ಯವಾಗಿ ಹ್ಯಾಂಡಲಿನ ತುದಿಯಲ್ಲಿ, ಲಿವರಿನೊಳಗೆ ಕೂರುವ ಸೀಸದ ಗುಂಡಿನ ಹತ್ತಿರ. ಮೊದಲು ಒಂದೆರಡು ಎಳೆ ಬಿಡುತ್ತದೆ, ಕ್ಲಚ್ಚು ಸ್ವಲ್ಪ ಗಟ್ಟಿಯಾಗುತ್ತದೆ, ಆಮೇಲೆ ಒಂದು ದಿನ ಟ್ರಾಫಿಕ್ಕಿನಲ್ಲಿ ಟಪ್ಪೆಂದು ಹೋಗುತ್ತದೆ. ಲಿವರ್ ಬಿಚ್ಚಿ ಕಣ್ಣಾರೆ ನೋಡಿದರೆ ಆ ಬಿಟ್ಟ ಎಳೆ ಮೊದಲೇ ಸಿಗುತ್ತದೆ. ಹೊಸ ಕೇಬಲನ್ನು ಬ್ಯಾಗಿನಲ್ಲಿ ಮಡಚಿ ಇಡುವುದಕ್ಕಿಂತ ಹಳೆಯ ಕೇಬಲಿನ ಪಕ್ಕದಲ್ಲೇ, ಅದೇ ದಾರಿಯಲ್ಲಿ ಎಳೆದು, ಎರಡೂ ತುದಿಗೆ ಪ್ಲಾಸ್ಟಿಕ್ ಕವರು ಸುತ್ತಿ ಜಿಪ್ ಟೈ ಹಾಕಿಡಿ. ರಸ್ತೆಬದಿಯಲ್ಲಿ ಟ್ಯಾಂಕು ಬಿಚ್ಚುವ ಕೆಲಸವೇ ಇಲ್ಲ, ಎರಡು ತುದಿ ಬದಲಾಯಿಸಿದರೆ ಹತ್ತು ನಿಮಿಷದಲ್ಲಿ ಗಾಡಿ ರೆಡಿ. ಉಳಿದ ಸಾಮಾನನ್ನು ಐದೂ ಜನ ಐದೈದು ಸೆಟ್ ಹೊರುವುದು ದಡ್ಡತನ. ಪಂಪು ಗುಂಪಿಗೆ ಒಂದು ಸಾಕು, ಟೈರ್ ಲಿವರ್ ಮೂರು, ಟ್ಯೂಬ್‌ಲೆಸ್ ಪ್ಯಾಚಿನ ಸೆಟ್ಟು ಎರಡು, 10 ಮತ್ತು 15 ಆಂಪಿಯರ್ ಫ್ಯೂಸು, ಇನ್ಸುಲೇಶನ್ ಟೇಪು, ಬಗ್ಗಿಸುವ ತಂತಿ. ಯಾರ ಚೀಲದಲ್ಲಿ ಏನಿದೆ ಎಂದು ಎಲ್ಲರಿಗೂ ಗೊತ್ತಿರಲಿ. ಒಬ್ಬನಿಗೆ ಬೇಕಾದದ್ದು ಇನ್ನೊಬ್ಬನ ಚೀಲದಲ್ಲಿ ಇರುವುದರಿಂದಲೇ ಯಾರೂ ಯಾರನ್ನೂ ಬಿಟ್ಟು ದೂರ ಹೋಗುವುದಿಲ್ಲ, ಇದು ಲಾಭವೇ.

ಸಾಮಾನು ಕಟ್ಟಲು ಅಂಗಡಿಯ ಬಣ್ಣದ ಕೊಕ್ಕೆ ಹಗ್ಗಕ್ಕಿಂತ ಹಳೆ ಟ್ಯೂಬು ಕತ್ತರಿಸಿದ ಪಟ್ಟಿ ಮೇಲು. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಕೊಕ್ಕೆ ಜಾರಿ ಕಣ್ಣಿಗೆ ಹೊಡೆಯುವ ಭಯವಿಲ್ಲ, ಮಳೆಗೆ ಸಡಿಲವಾಗುವುದಿಲ್ಲ. ಭಾರದ್ದು ಕೆಳಗೆ, ಸೀಟಿಗೆ ಹತ್ತಿರ. ಬ್ಯಾಗು ಸೈಲೆನ್ಸರಿಗೆ ತಾಗುತ್ತದೆಯೋ ಎಂದು ಹಿಂದೆ ಒಬ್ಬರನ್ನು ಕೂರಿಸಿ ನೋಡಿ, ಖಾಲಿ ನಿಂತ ಗಾಡಿಯಲ್ಲಿ ತಾಗದ್ದು ಹೊಂಡದಲ್ಲಿ ತಾಗುತ್ತದೆ.

ಹೆದ್ದಾರಿ 66ರಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಶತ್ರು ಇದೆ: ಮೀನಿನ ಲಾರಿ. ಮಲ್ಪೆಯಿಂದಲೋ ಮಂಗಳೂರಿನ ದಕ್ಕೆಯಿಂದಲೋ ಹೊರಟ ಲಾರಿಯಿಂದ ಮಂಜುಗಡ್ಡೆ ಕರಗಿದ ನೀರು ಸೋರುತ್ತ ಹೋಗುತ್ತದೆ. ಅದು ಬರೀ ನೀರಲ್ಲ, ಮೀನಿನ ಜಿಡ್ಡು ಸೇರಿದ್ದು. ಅದರ ಮೇಲೆ ಮುಂದಿನ ಬ್ರೇಕು ಹಿಡಿದರೆ ಚಕ್ರ ಕೈಬಿಟ್ಟ ಹಾಗೆ. ಲಾರಿ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬೀಳುತ್ತದೆ. ವಾಸನೆ ಬಂದ ಕೂಡಲೇ ವೇಗ ಇಳಿಸಿ, ಒದ್ದೆ ಗೆರೆ ಬಿಟ್ಟು ಓಡಿಸಿ, ಸರ್ಕಲಿನಲ್ಲಿ ಮತ್ತೂ ಜಾಗ್ರತೆ, ಲಾರಿ ತಿರುಗುವಾಗಲೇ ಹೆಚ್ಚು ಚೆಲ್ಲುವುದು. ಮಂಗಳೂರು-ಉಡುಪಿ ನಡುವೆ ಎಕ್ಸ್‌ಪ್ರೆಸ್ ಬಸ್ಸಿನವರ ಬಗ್ಗೆ ಹೆಚ್ಚು ಬರೆಯುವುದು ಬೇಡ, ಅವರ ಸಮಯ ಮಿನಿಟಿನ ಲೆಕ್ಕದ್ದು. ಕನ್ನಡಿಯಲ್ಲಿ ಕಂಡರೆ ದಾರಿ ಕೊಡಿ, ಅಷ್ಟೆ. ಸರ್ವೀಸ್ ರೋಡ್ ಇಲ್ಲದ ಕಡೆ ಉಲ್ಟಾ ಬರುವ ಸ್ಕೂಟರು ಎಡಬದಿಯಲ್ಲೇ ಎದುರಾಗುತ್ತದೆ, ಆದ್ದರಿಂದ ತೀರಾ ಎಡಕ್ಕೆ ಅಂಟಿಕೊಳ್ಳುವುದೂ ಸುರಕ್ಷಿತವಲ್ಲ.

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಏರುವುದು ಸುಲಭ. ತಿರುವಿನ ಮೊದಲೇ ಗೇರು ಇಳಿಸಿ, ತಿರುವಿನ ನಡುವೆ ಕ್ಲಚ್ಚು ಹಿಡಿಯದಿದ್ದರೆ ಗಾಡಿ ತಾನೇ ಏರುತ್ತದೆ. ಎದುರಿನಿಂದ ಮಿನಿ ಬಸ್ಸು ಬಂದರೆ ಅದಕ್ಕೆ ಇಡೀ ತಿರುವು ಬೇಕು. ಏರುವವರಿಗೆ ದಾರಿ ಬಿಡುವುದು ಇಳಿಯುವವರ ಕರ್ತವ್ಯ ಎಂಬ ನಿಯಮ ಇದೆ, ಆದರೂ ನಿಯಮವನ್ನು ಬಸ್ಸಿನ ಬಂಪರಿನ ಎದುರು ವಾದಿಸಬೇಡಿ. ಮೇಲೆ ಸೂರ್ಯಾಸ್ತದ ಕಟ್ಟೆಯ ಹತ್ತಿರ ಮಂಗಗಳು ಟ್ಯಾಂಕ್ ಬ್ಯಾಗಿನ ಜಿಪ್ಪು ಎಳೆಯಲು ಕಲಿತಿವೆ, ಬಾಳೆಹಣ್ಣು ಒಳಗಿಡಿ ಎಂದರೆ ಪ್ರಯೋಜನವಿಲ್ಲ, ಹೊಟ್ಟೆಯೊಳಗೆ ಇಡಿ.

ಕಷ್ಟ ಇರುವುದು ಇಳಿಜಾರಿನಲ್ಲಿ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲಿನಲ್ಲಿ ಜಾರುವ ಚಾಳಿ ನಮ್ಮ ಊರಿನಲ್ಲಿ ಇನ್ನೂ ಉಂಟು. ಉಳಿಯುವುದು ಹತ್ತು ರೂಪಾಯಿಯೂ ಅಲ್ಲ. ಎಂಜಿನ್ನಿನ ಹಿಡಿತ ಹೋದ ಮೇಲೆ ಗಾಡಿಯ ಪೂರ್ತಿ ಭಾರ ಬ್ರೇಕಿನ ಮೇಲೆ ಬಿತ್ತು. ಡ್ರಮ್ ಆದರೆ ಕಾದು ಹಿಡಿಯುವುದನ್ನೇ ಬಿಡುತ್ತದೆ. ಡಿಸ್ಕಿನಲ್ಲಿ ಬೇರೆ ಕಥೆ: ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಕರಾವಳಿಯಲ್ಲಿ ಆ ತೇವಕ್ಕೆ ಬರಗಾಲವಿಲ್ಲ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಎಣ್ಣೆ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹೀರಿದ್ದಕ್ಕೆ 155 ಸಾಕಾಗಬಹುದು. ಕುದಿದರೆ ಒಳಗೆ ಆವಿಯ ಗುಳ್ಳೆ, ಲಿವರ್ ಒತ್ತಿದರೆ ಸ್ಪಂಜು ಒತ್ತಿದ ಹಾಗೆ. ಎರಡು ವರ್ಷಕ್ಕೊಮ್ಮೆ ಆ ಎಣ್ಣೆ ಬದಲಿಸಿ. ಇಳಿಯುವಾಗ ಏರಲು ಬೇಕಾದ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನು ಉದ್ದಕ್ಕೆ ಒತ್ತಿ ಹಿಡಿಯದೆ ತಿರುವಿನ ಮೊದಲು ಗಟ್ಟಿಯಾಗಿ ಒತ್ತಿ ಬಿಟ್ಟುಬಿಡಿ. ಸುಟ್ಟ ವಾಸನೆ ಬಂದರೆ ನಿಂತು ಹದಿನೈದು ನಿಮಿಷ ಕಾಡು ನೋಡಿ. ಬಿಸಿ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗಬಹುದು.

ಈಗ ಒಂದು ಪಂಕ್ಚರನ್ನು ಹತ್ತಿರದಿಂದ ನೋಡುವ. ಗೇರುಸೊಪ್ಪ ಇಳಿಜಾರು, ಸಣ್ಣ ಜಿನುಗು ಮಳೆ, ಮೊಬೈಲ್ ಸಿಗ್ನಲ್ ಇಲ್ಲ, ಕಡ್ಡಿ ಚಕ್ರದ ಗಾಡಿಯ ಹಿಂದಿನ ಟೈರು. ಕಡ್ಡಿ ಚಕ್ರ ಎಂದರೆ ಹೆಚ್ಚಿನವಕ್ಕೆ ಟ್ಯೂಬು. ಮೊಳೆ ಕಿತ್ತು ತೂತಿಗೆ ರಬ್ಬರ್ ಬತ್ತಿ ತುರುಕುವ ಟ್ಯೂಬ್‌ಲೆಸ್ ಉಪಾಯ ಇಲ್ಲಿ ನಡೆಯುವುದಿಲ್ಲ. ಹಿಂದಿನ ಭಾಗ ಹಾವಿನಂತೆ ಹೊರಳಲು ಶುರುವಾದಾಗ ಬ್ರೇಕು ಹಿಡಿಯದೆ ಆ್ಯಕ್ಸಿಲರೇಟರ್ ಬಿಟ್ಟು ನೇರವಾಗಿ ನಿಲ್ಲಿಸಬೇಕು. ಕೊನೆಯವನು ಬರುತ್ತಾನೆ, ಸಾಮಾನು ಬರುತ್ತದೆ. ಒಬ್ಬ ಮೇಲಿನ ತಿರುವಿಗೆ ನಡೆದು ಟಾರ್ಚು ಬೀಸುತ್ತ ನಿಲ್ಲಬೇಕು, ಅದು ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಫೋಟೊದಲ್ಲಿ ಅವನೇ ಇರುವುದಿಲ್ಲ.

ಗಾಡಿ ನಡುಸ್ಟ್ಯಾಂಡಿನ ಮೇಲೆ. ಅಚ್ಚಿನ ನಟ್ಟು ಸಡಿಲಿಸಿ, ಅಚ್ಚು ಎಳೆದು, ಚಕ್ರ ಮುಂದೆ ತಳ್ಳಿ ಚೈನು ಇಳಿಸಬೇಕು. ಅಚ್ಚಿನ ಎರಡೂ ಬದಿಯ ಬುಷ್ಷು ಉದುರಿ ಬೀಳುತ್ತದೆ, ಯಾವುದು ಎಡದ್ದು, ಯಾವುದು ಬಲದ್ದು ಎಂದು ಆಗಲೇ ನೋಡಿಕೊಳ್ಳಬೇಕು. ನಟ್ಟುಬೋಲ್ಟಿಗೆ ತಟ್ಟೆ ಎಂದರೆ ಮಗುಚಿಟ್ಟ ಒಬ್ಬನ ಹೆಲ್ಮೆಟ್ಟು. ವಾಲ್ವಿನ ಪಿನ್ನು ತೆಗೆದು ಪೂರ್ತಿ ಗಾಳಿ ಬಿಟ್ಟರೂ ಟೈರಿನ ಅಂಚು ರಿಮ್ಮಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಇನ್ನೊಂದು ಬೈಕು ಬೇಕು: ಚಕ್ರವನ್ನು ನೆಲಕ್ಕೆ ಮಲಗಿಸಿ, ಪಕ್ಕದ ಗಾಡಿಯ ಸೈಡ್ ಸ್ಟ್ಯಾಂಡನ್ನು ಟೈರಿನ ಅಂಚಿನ ಮೇಲೆ ಊರಿ ಆ ಗಾಡಿಯನ್ನು ಅದರತ್ತ ವಾಲಿಸಿದರೆ ಅಂಚು ಕಳಚಿಕೊಳ್ಳುತ್ತದೆ. ಒಬ್ಬನೇ ಇದ್ದರೆ ಈ ಕೆಲಸಕ್ಕೇ ಅರ್ಧ ಗಂಟೆ ಒದ್ದಾಟ.

ಲಿವರ್ ಹಾಕುವುದು ವಾಲ್ವಿನ ಹತ್ತಿರದಿಂದ. ಎದುರು ಬದಿಯ ಅಂಚನ್ನು ಒಬ್ಬ ಮೊಣಕಾಲಿನಿಂದ ಒತ್ತಿ ರಿಮ್ಮಿನ ನಡುವಿನ ಗುಂಡಿಗೆ ಇಳಿಸಿ ಹಿಡಿದರೆ ಲಿವರಿಗೆ ಬಲ ಬೇಕಾಗುವುದಿಲ್ಲ. ಬಲ ಹಾಕಬೇಕಾಗಿ ಬಂದರೆ ಎಲ್ಲೋ ಅಂಚು ಗುಂಡಿಯಿಂದ ಮೇಲೆ ಬಂದಿದೆ ಎಂದೇ ತಿಳಿಯಬೇಕು. ಟ್ಯೂಬು ಹೊರಗೆ ತೆಗೆದ ಮೇಲೆ ಬಟ್ಟೆ ಸುತ್ತಿದ ಬೆರಳಿನಿಂದ ಟೈರಿನ ಒಳಮೈ ಪೂರ್ತಿ ಸವರಬೇಕು. ಮುಳ್ಳೋ ಮೊಳೆಯೋ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬು ಐದು ಕಿಲೋಮೀಟರಿಗೆ ಮತ್ತೆ ಹೋಗುತ್ತದೆ. ಹೊಸ ಟ್ಯೂಬಿಗೆ ದುಂಡಗೆ ಆಗುವಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿ, ತಿರುಚಿಕೊಳ್ಳುವುದಿಲ್ಲ. ಟೈರು ಏರಿಸುವಾಗ ಕ್ರಮ ಉಲ್ಟಾ, ವಾಲ್ವಿನ ಎದುರಿನಿಂದ ಶುರು ಮಾಡಿ ವಾಲ್ವಿನಲ್ಲಿ ಮುಗಿಸಬೇಕು. ಕೊನೆಯ ಗೇಣು ಬಾಕಿ ಇದ್ದಾಗ ವಾಲ್ವನ್ನು ಒಳಗೆ ಒತ್ತಿ, ಟ್ಯೂಬು ಅಂಚಿನಡಿ ಸಿಕ್ಕಿಲ್ಲ ಎಂದು ನೋಡಿ ಲಿವರ್ ಎತ್ತಿ. ಹೊಸ ಟ್ಯೂಬನ್ನು ತಾವೇ ಚುಚ್ಚಿಕೊಳ್ಳುವುದು ಇದೇ ಗೇಣಿನಲ್ಲಿ. 21 ಇಂಚಿನ ಮುಂದಿನ ಚಕ್ರ ಇರುವ ಗಾಡಿಯವರು ಎರಡು ಟ್ಯೂಬು ಹೊರಬೇಕಾಗಿಲ್ಲ, ಮುಂದಿನ ಟ್ಯೂಬನ್ನೇ ಹಿಂದಿನ 17, 18 ಇಂಚಿಗೆ ಮಡಚಿ ಹಾಕಿ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ತಲುಪಬಹುದು.

ಗಾಳಿ ತುಂಬಿದ ಮೇಲೆ ಟೈರಿನ ಅಂಚಿನ ಗೆರೆ ರಿಮ್ಮಿನ ಸುತ್ತ ಸಮ ಅಂತರದಲ್ಲಿ ಇದೆಯೋ ನೋಡಿ. ಚಕ್ರ ಕೂರಿಸಿ, ಚೈನಿನ ಆಟ ಅಳೆದು, ಅಚ್ಚು ಬಿಗಿದು, ಎಲ್ಲ ಮುಗಿಯಿತು ಎಂದು ಹೊರಡುವವರು ಒಂದು ಮರೆಯುತ್ತಾರೆ: ಹಿಂದಿನ ಡಿಸ್ಕ್ ಬ್ರೇಕಿನ ಪೆಡಲ್. ಚಕ್ರ ಕೂರಿಸುವಾಗ ಪ್ಯಾಡು ಹಿಂದೆ ಸರಿದಿರುತ್ತದೆ. ನಿಂತಲ್ಲೇ ಹತ್ತು ಸಲ ತುಳಿದು ಗಟ್ಟಿ ಮಾಡಿಕೊಳ್ಳದಿದ್ದರೆ ಮೊದಲ ತಿರುವಿನಲ್ಲಿ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕು ಬರುವುದಿಲ್ಲ. ಪಳಗಿದ ನಾಲ್ಕು ಜನರಿಗೆ ಇದು ಅರ್ಧ ಗಂಟೆ. ಒಂದು ಭಾನುವಾರ ಮನೆಯಂಗಳದಲ್ಲಿ ಒಮ್ಮೆ ಮಾಡಿ ನೋಡದ ಗುಂಪಿಗೆ ಒಂದೂವರೆ ಗಂಟೆ, ಜೊತೆಗೆ ಸ್ವಲ್ಪ ಜಗಳ.

ಈ ಅರ್ಧ ಗಂಟೆಯೊಳಗೆ ದಾರಿಹೋಕರು ಬರುತ್ತಾರೆ. ಪಿಕಪ್ಪಿನವನು ನಿಲ್ಲಿಸಿ "ಎಂಥ ಆಯ್ತು ಮಾರಾಯ್ರೆ?" ಎನ್ನುತ್ತಾನೆ, ಟೈರು ನೋಡಿ ತಾನೇ ಇಳಿಯುತ್ತಾನೆ, ಸೀಟಿನಡಿಯಿಂದ ಒಂದು ಉದ್ದದ ರಾಡು ತೆಗೆಯುತ್ತಾನೆ. ಒಂದೇ ಸುತ್ತಿನಲ್ಲಿ ಭಾಷೆ ಎಷ್ಟು ಸಲ ಬದಲಾಗುತ್ತದೆ ನೋಡಿ: ಉಡುಪಿಯಲ್ಲಿ ತುಳು, ತೀರ್ಥಹಳ್ಳಿಯಲ್ಲಿ ಮಲೆನಾಡಿನ ಕನ್ನಡ, ಹೊನ್ನಾವರದಲ್ಲಿ ಹವ್ಯಕರ ಕನ್ನಡವೂ ಕೊಂಕಣಿಯೂ, ಬೈಂದೂರು ಹೊಕ್ಕರೆ ಕುಂದಾಪ್ರ ಕನ್ನಡದ ಹೋಯ್ಕ್ ಬರ್ಕ್ (ಹೋಗಬೇಕು, ಬರಬೇಕು). ಪುನರ್ಪುಳಿ ಎಂದು ಕುಡಿದು ಹೊರಟ ಶರಬತ್ತೇ ಹೊನ್ನಾವರದಲ್ಲಿ ಮುರುಗಲು ಆಗಿರುತ್ತದೆ. ಇನ್ನೂ ದೂರ, ಹಂಪಿಯಲ್ಲೋ ಗುಜರಾತಿನ ಬಂಕಿನಲ್ಲೋ ಮಂಗಳೂರು, ಉಡುಪಿ, ಪುತ್ತೂರಿನ ಕೆಎ 19, ಕೆಎ 20, ಕೆಎ 21 ನಂಬರ್ ಪ್ಲೇಟು ಕಂಡರೆ ಸಾಕು, "ಈರೆನ ಊರು ಓಲು?" (ನಿಮ್ಮ ಊರು ಎಲ್ಲಿ?) ಎಂಬ ತುಳು ಪ್ರಶ್ನೆ ಎಲ್ಲಿಂದಲೋ ಬರುತ್ತದೆ. ಎರಡೇ ನಿಮಿಷದಲ್ಲಿ ಇಬ್ಬರಿಗೂ ಗೊತ್ತಿರುವ ಒಬ್ಬ ನೆಂಟ ಸಿಕ್ಕಿರುತ್ತಾನೆ. ಮನುಷ್ಯರು ಸಿಗದ ಕಡೆಗೆ ಎರಡು ನಂಬರು ನೆನಪಿರಲಿ: ಯಾವ ತುರ್ತಿಗೂ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033.

ಹಣಕ್ಕೆ ಒಂದೇ ಡಬ್ಬ. ಮೊದಲ ದಿನ ಎಲ್ಲರೂ ಸಮನಾಗಿ ಹಾಕಿ, ಊಟ ತಿಂಡಿ ರೂಮು ಅದರಿಂದ, ಪೆಟ್ರೋಲು ಅವರವರದ್ದು. ಡಬ್ಬ ಹಿಡಿಯುವವನು ಗುಂಪಿನ ಜುಗ್ಗ ಆಗಿದ್ದರೆ ಒಳ್ಳೆಯದು. ನಗದೇ ಇರಲಿ, ಸಿಗ್ನಲ್ ಇಲ್ಲದ ಚಾ ಅಂಗಡಿಯಲ್ಲಿ ಫೋನಿನ ಪಾವತಿ ನಡೆಯುವುದಿಲ್ಲ. ಬೆಳಿಗ್ಗೆ ಬನ್ಸ್, ಗೋಳಿಬಜೆ, ತೀರ್ಥಹಳ್ಳಿ ಕಡೆ ಕಡುಬೋ ಅಕ್ಕಿರೊಟ್ಟಿಯೋ ಹೊಟ್ಟೆ ತುಂಬ ತಿನ್ನಿ. ಮಧ್ಯಾಹ್ನದ ಊಟ ಮಾತ್ರ ಅರ್ಧ ಹೊಟ್ಟೆಗೆ. ಕುಚ್ಚಲಕ್ಕಿ ಅನ್ನ, ಮೀನುಸಾರು ಗಡದ್ದಾಗಿ ಹೊಡೆದು ಎರಡು ಗಂಟೆಯ ಬಿಸಿಲಿಗೆ ಹೆದ್ದಾರಿ ಹಿಡಿದರೆ ನಿದ್ದೆ ಬಂದೇ ಬರುತ್ತದೆ, ಹೆಲ್ಮೆಟ್ಟಿನೊಳಗಿನ ನಿದ್ದೆ ಪಕ್ಕದವನಿಗೂ ಕಾಣುವುದಿಲ್ಲ. ಒಬ್ಬ ಎರಡು ಸಲ ಗೆರೆ ದಾಟಿದ್ದು ಕಂಡರೆ ಕೊನೆಯವನು ಹಾರ್ನ್ ಹೊಡೆದು ಇಡೀ ಸಾಲು ನಿಲ್ಲಿಸಬೇಕು, ಕಾರಣ ಹೇಳದೆಯೂ.

ಸಂಜೆ ಲಾಡ್ಜ್ ಸೇರಿದ ಕೂಡಲೇ ಒಳಗೆ ಹೋಗಬೇಡಿ. ಚೈನು ಬಿಸಿ ಇರುವಾಗ ಎಣ್ಣೆ ಹಾಕಿದರೆ ಒಳಕ್ಕೆ ಇಳಿಯುತ್ತದೆ, ರಾತ್ರಿಯಿಡೀ ನಿಂತರೆ ಹೆಚ್ಚಾದದ್ದು ತೊಟ್ಟಿಕ್ಕಿ ಹೋಗಿ ಬೆಳಿಗ್ಗೆ ಟೈರಿಗೆ ಸಿಡಿಯುವುದಿಲ್ಲ. ದುಬಾರಿ ಸ್ಪ್ರೇ ಇಲ್ಲದವರಿಗೆ 90 ನಂಬರ್ ಗೇರ್ ಆಯಿಲ್ ಸಾಕು. ಒಣ ರಸ್ತೆಯಲ್ಲಿ 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ದಿನಾ. ಒಬ್ಬ ಚಕ್ರ ತಿರುಗಿಸುತ್ತಾನೆ, ಇನ್ನೊಬ್ಬ ಬಿಡುತ್ತಾನೆ, ಐದು ಗಾಡಿಗೆ ಇಪ್ಪತ್ತು ನಿಮಿಷ. ದಿನದಲ್ಲಿ ಮೊದಲ ಸಲ ಹೆಲ್ಮೆಟ್ ಇಲ್ಲದೆ ಒಬ್ಬರ ಮುಖ ಒಬ್ಬರು ನೋಡುವುದು ಇಲ್ಲೇ. ಬೆಳಗಿನಿಂದ ಹೇಳಬೇಕೆಂದಿದ್ದ ಮಾತೆಲ್ಲ, ಆ ಮಿನಿ ಬಸ್ಸು, ಆ ಮಂಗ, ಹೊಸಬ ತಪ್ಪಿಸಿಕೊಂಡ ಆ ಹೊಂಡ, ಒಟ್ಟಿಗೆ ಹೊರಬರುತ್ತವೆ. ಊಟದ ಮೇಜಿಗೆ ಮುಟ್ಟುವಾಗ ಅವು ಆಗಲೇ ಸ್ವಲ್ಪ ದೊಡ್ಡದಾಗಿರುತ್ತವೆ. ಕಾಲುಚೀಲ ತೆಗೆದಾಗ ಉಂಬಳ (ಜಿಗಣೆ) ಸಿಕ್ಕಿದರೆ ಕಿತ್ತೆಳೆಯಬೇಡಿ, ಉಪ್ಪು ತಾಗಿಸಿ, ತಾನೇ ಬಿಡುತ್ತದೆ.

ಎರಡನೆಯ ದಿನ ಮರವಂತೆಯಲ್ಲಿ, ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕೆ, ಎಲ್ಲರೂ ನಿಂತೇ ನಿಲ್ಲುತ್ತಾರೆ. ಮರಳಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕಬೇಡಿ, ಹಾಕಲೇಬೇಕಾದರೆ ಅಡಿಗೆ ಚಪ್ಪಟೆ ಕಲ್ಲಿಡಿ. ಒಂದು ಬಿದ್ದರೆ ಸಾಲಾಗಿ ಐದೂ ಬೀಳುತ್ತವೆ. ನಿಂತ ಗಾಡಿಗೆ ಉಪ್ಪುಗಾಳಿ ತಾಗಿಯೇ ತಾಗುತ್ತದೆ. ಊರು ಮುಟ್ಟಿದ ಮರುದಿನ ಸಿಹಿನೀರಿನಲ್ಲಿ ಅಡಿಭಾಗ ತೊಳೆದು, ಡಿಸ್ಕ್ ಬ್ರೇಕಿನ ಪಿನ್ನು, ಬ್ಯಾಟರಿಯ ತುದಿ, ಚೈನು ಒರೆಸಿ ಎಣ್ಣೆ ಹಾಕದಿದ್ದರೆ ತಿಂಗಳೊಳಗೆ ತುಕ್ಕು ಕೂರುತ್ತದೆ.

ಉಡುಪಿಯ ಸಂತೆಕಟ್ಟೆಯಲ್ಲೋ ಕರಾವಳಿ ಬೈಪಾಸಿನಲ್ಲೋ ಗುಂಪು ಚದುರುವಾಗ ಒಂದು ಕೆಲಸ ಬಾಕಿ. ಮನೆ ಸೇರಿದವರೆಲ್ಲ "ಮುಟ್ಟಿದೆ" ಎಂದು ಮೆಸೇಜು ಹಾಕಬೇಕು. ಮೊದಲ ನಾಲ್ಕು ಬೇಗ ಬರುತ್ತವೆ. ಕೊನೆಯವನು ಮಂಗಳೂರಿನವನಾದರೆ ಇನ್ನೂ ಗಂಟೆ, ಗಂಟೆಕಾಲು. ಅಷ್ಟರೊಳಗೆ ಡಬ್ಬದವನು ಲೆಕ್ಕ ಕಳಿಸಿರುತ್ತಾನೆ: ಒಂದು ಟ್ಯೂಬು, ಎರಡು ಬತ್ತಿ, ಒಂದು ಫ್ಯೂಸು ಮತ್ತೆ ಕೊಳ್ಳಬೇಕು, ಉಳಿದದ್ದು 140 ರೂಪಾಯಿ. ಅದರಲ್ಲಿ ಬತ್ತಿಯೂ ಫ್ಯೂಸೂ ಬರಬಹುದು. ಟ್ಯೂಬಿನ ದುಡ್ಡು ಯಾರು ಕೊಡಬೇಕು, ಪಂಕ್ಚರ್ ಆದವನೋ ಗುಂಪೋ ಎಂಬ ಚರ್ಚೆ ಆ ಐದನೆಯ ಮೆಸೇಜು ಬರುವವರೆಗೂ ನಡೆಯುತ್ತಿರುತ್ತದೆ.